ಪಾಳಿ ಬರುವ ತನಕ

ದಸರೆಗೋ ಬೇಸಗೆ ರಜೆಗೋ ಊರಿಗೆ ಹೊರಡಬೇಕಾದಾಗ, ಕಾಚಿಗುಡದಿಂದ ಬೆಂಗಳೂರಿಗೆ ಹೋಗುವ ರೈಲಿನ ವೇಟಿಂಗ್ ಲಿಸ್ಟಿನಲ್ಲಿ ನಮ್ಮ ಹೆಸರು ಎಷ್ಟನೆಯದೆಂದು ದಿನಕ್ಕೆರಡು ಬಾರಿ ನೋಡುವವರು ನಾವು. ಆ ಪಟ್ಟಿಯನ್ನು ಬಯ್ಯುತ್ತೇವೆ. ಆದರೂ ಅದರಲ್ಲೊಂದು ನ್ಯಾಯವಿದೆ. ನಮ್ಮ ಮುಂದೆ ಎಷ್ಟು ಜನ ಇದ್ದಾರೆಂಬುದಾದರೂ ತಿಳಿಯುತ್ತದೆ. ಇದೇ ನಗರದಲ್ಲಿ ಇನ್ನೊಂದು ಕಾಯುವಿಕೆ ಉಂಟು. ಅದಕ್ಕೆ ನಂಬರಿಲ್ಲ, ಗೋಡೆಗೆ ಅಂಟಿಸಿದ ಪಟ್ಟಿಯೂ ಇಲ್ಲ. ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿರುವ ಮನೆಗಳು ನೆರವಿಗಾಗಿ ಕಾಯುವ ಕಾಯುವಿಕೆ ಅದು. ಅದರ ಇತಿಹಾಸವನ್ನು ತುಸು ನೋಡೋಣ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಈ ಊರಿನಲ್ಲೇ.

1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ಕಡೆಯವರಿಗೆ ದೊಡ್ಡ ದವಾಖಾನೆಯೆಂದರೆ ಹೈದರಾಬಾದೇ. ಗಡಿ ಬದಲಾದ ಮೇಲೂ ಆ ದಾರಿ ಬದಲಾಗಲಿಲ್ಲ. ಆದರೆ ನಡೆಯಲು, ನುಡಿಯಲು ತಡವಾದ ಮಗುವಿಗೆ ಔಷಧದ ಬಾಟಲಿಯಿಂದ ಆಗುವಂಥದು ಕಡಿಮೆ. ಅಂಥ ಮಗುವನ್ನು ಸಾಕುತ್ತಿದ್ದುದು ಕೂಡುಕುಟುಂಬ. ಅಜ್ಜಿ ಉಣಿಸುವಳು, ಚಿಕ್ಕಮ್ಮ ಎರೆಯುವಳು, ಓಣಿಯ ಹುಡುಗರು ಕಣ್ಣಿಟ್ಟಿರುವರು. ನೌಕರಿಗೆಂದು ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಆ ಅಜ್ಜಿಯೂ ಇಲ್ಲ, ಆ ಓಣಿಯೂ ಇಲ್ಲ.

ಈ ಕೊರತೆಯನ್ನು ಮೊದಲು ಕಂಡವರು ಸರ್ಕಾರದವರಲ್ಲ, ಸಾಮಾನ್ಯ ನಾಗರಿಕರು. ಬೆಂಗಳೂರಿನಲ್ಲಿ, ಸ್ವತಃ ಅಂಗವಿಕಲರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಅಂಗವಿಕಲರ ಸಂಘವನ್ನು ಕಟ್ಟಿದರು. ಹೈದರಾಬಾದಿನಲ್ಲಿ 1968ರಲ್ಲಿ ಠಾಕೂರ್ ಹರಿಪ್ರಸಾದ್ ಸಂಸ್ಥೆ, ಸಿಕಂದರಾಬಾದಿನಲ್ಲಿ 1977ರಲ್ಲಿ ‘ಸ್ವೀಕಾರ್’ ಹುಟ್ಟಿದವು. ವಿಶ್ವಸಂಸ್ಥೆ 1981ನ್ನು ಅಂಗವಿಕಲರ ವರ್ಷವೆಂದು ಆಚರಿಸಿತು. ಆ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯು ‘ಸಮುದಾಯ ಆಧಾರಿತ ಪುನರ್ವಸತಿ’ ಎಂಬ ವಿಚಾರವನ್ನು ಮುಂದಿಟ್ಟಿತ್ತು. ದೊಡ್ಡ ಊರಿನ ದೊಡ್ಡ ಕಟ್ಟಡಕ್ಕೆ ಎಲ್ಲರೂ ಬರಲಾರರು. ಆದ್ದರಿಂದ ಮನೆಯವರಿಗೂ ನೆರೆಯವರಿಗೂ ಕೆಲಸ ಕಲಿಸಬೇಕೆಂಬುದು ಅದರ ತಿರುಳು.

1984ರಲ್ಲಿ ಕೇಂದ್ರ ಸರ್ಕಾರವು, ಆಗಿನ ಮಾತಿನಲ್ಲಿ ‘ಬುದ್ಧಿಮಾಂದ್ಯ’ರೆನಿಸಿದ್ದವರಿಗಾಗಿ, ರಾಷ್ಟ್ರೀಯ ಸಂಸ್ಥೆಯೊಂದನ್ನು ಸಿಕಂದರಾಬಾದಿನಲ್ಲಿ ಸ್ಥಾಪಿಸಿತು. ಬೋವೆನಪಲ್ಲಿಯ ಕಡೆ ಇರುವ ಮನೋವಿಕಾಸನಗರಕ್ಕೆ ಆ ಹೆಸರು ಬಂದುದು ಇದರಿಂದಲೇ. ಸಂಸ್ಥೆಯ ಹೆಸರಿನಲ್ಲಿ ಈಗ ಮಾಂದ್ಯವೆಂಬ ಮಾತು ಹೋಗಿ ಸಬಲೀಕರಣವೆಂಬ ಮಾತು ಬಂದಿದೆ. ಅಲ್ಲಿಯ ಒಂದು ಏರ್ಪಾಡು ವಿಶೇಷವಾಗಿ ಗಮನಿಸತಕ್ಕದ್ದು. ಪರಊರಿನ ತಂದೆತಾಯಿಗಳು ಮಗುವಿನೊಡನೆ ಕೆಲವು ದಿನ ಉಳಿದುಕೊಳ್ಳಲು ಆವರಣದಲ್ಲೇ ಕುಟೀರಗಳಿದ್ದವು. ಅಂಗಿಯ ಗುಂಡಿ ಹಾಕುವುದು, ತುತ್ತು ಎತ್ತುವುದು, ಹಲ್ಲುಜ್ಜುವುದು ಇಂಥ ಒಂದೊಂದು ಕೆಲಸವನ್ನೂ ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ, ಒಂದು ಹಂತ ಬಂದ ಮೇಲೆ ಮುಂದಿನದನ್ನು ಕಲಿಸುವ ವಿಧಾನವನ್ನು ತಾಯಿಗೇ ತೋರಿಸಿಕೊಡುತ್ತಿದ್ದರು. ಆಕೆ ಊರಿಗೆ ಮರಳಿ ಮನೆಯಲ್ಲಿ ಅದನ್ನು ನಡೆಸುವಳು.

ಇದು ದೊಡ್ಡ ಹೆಜ್ಜೆಯೇ ಸರಿ. ಆದರೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ತಾಯಿಯೇ ಶಿಕ್ಷಕಿಯಾದಾಗ ಸಂಸ್ಥೆಯ ಬಾಗಿಲಿನ ಸಾಲು ಚಿಕ್ಕದಾಯಿತು. ಕಾಯುವಿಕೆ ಮಾತ್ರ ಮುಗಿಯದೆ ಮನೆಯೊಳಕ್ಕೆ ಬಂದಿತು. ಆ ತಾಯಿಗೆ ಒಂದು ಮಧ್ಯಾಹ್ನದ ಬಿಡುವು ಎಂದು? ಆಕೆಗೆ ಎಪ್ಪತ್ತಾಗಿ ಮಗನಿಗೆ ನಲವತ್ತೈದಾದಾಗ ಮುಂದೇನು?

ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಓದುಗರು ಅಲ್ಲಿಯ ಪಟ್ಟಿಯ ವಿಚಾರ ಕೇಳಿರಬಹುದು. ಅಯೋವಾ ರಾಜ್ಯದ ಕೇಟಿ ಬೆಕೆಟ್ ಎಂಬ ಮಗು ಮನೆಯಲ್ಲಿ ಇರಬಲ್ಲದಾಗಿದ್ದರೂ, ಸರ್ಕಾರದ ಹಣ ಸಿಗುವುದು ಆಸ್ಪತ್ರೆಯಲ್ಲಿದ್ದರೆ ಮಾತ್ರ ಎಂಬ ಕಟ್ಟಳೆಯಿಂದ ಅಲ್ಲೇ ಉಳಿಯಬೇಕಾಗಿತ್ತು. 1981ರಲ್ಲಿ ಅದಕ್ಕೆ ವಿನಾಯಿತಿ ದೊರೆಯಿತು. ಮನೆಯಲ್ಲೇ ಸೇವೆ ಕೊಡಲು ರಾಜ್ಯಗಳಿಗೆ ಅವಕಾಶವಾಯಿತು. ಆದರೆ ರಾಜ್ಯಗಳು ಫಲಾನುಭವಿಗಳ ಸಂಖ್ಯೆಗೆ ಮಿತಿ ಹಾಕಿದವು. 2024ರಲ್ಲಿ ಅಲ್ಲಿ ಪಟ್ಟಿಗಳಲ್ಲಿದ್ದವರು ಏಳು ಲಕ್ಷದ ಆಸುಪಾಸು. 1999ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಓಮ್‌ಸ್ಟೆಡ್ ಮೊಕದ್ದಮೆಯಲ್ಲಿ, ಕಾರಣವಿಲ್ಲದೆ ಸಂಸ್ಥೆಗಳಲ್ಲಿ ಇರಿಸುವುದು ಭೇದಭಾವವೆಂದಿತು. ಪಟ್ಟಿಯಿದ್ದರೆ ಅದು ತಕ್ಕ ವೇಗದಲ್ಲಿ ಮುಂದೆ ಸಾಗಬೇಕೆಂಬ ಮಾತೂ ಆ ತೀರ್ಪಿನಲ್ಲಿ ಬಂದಿದೆ. ಪಟ್ಟಿಯೇ ಇಲ್ಲದಲ್ಲಿ ಅದು ಸಾಗುತ್ತಿದೆಯೇ ಎಂದು ಯಾವ ಕೋರ್ಟು ಕೇಳೀತು?

ನಮ್ಮಲ್ಲಿ ಕಾನೂನುಗಳಿಗೆ ಕೊರತೆಯಿಲ್ಲ. 1995ರ ಅಧಿನಿಯಮ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತು, 2016ರದು ಇಪ್ಪತ್ತೊಂದನ್ನು. ‘ನಮ್ಮ ನಂತರ ಯಾರು?’ ಎಂಬ ತಂದೆತಾಯಿಗಳ ಪ್ರಶ್ನೆಗೆ ಉತ್ತರವಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸದ ಕಾನೂನು ಬಂದಿತು. ಅದರಂತೆ ಕಲೆಕ್ಟರರ ಸಮಿತಿಯು ಪೋಷಕರನ್ನು ನೇಮಿಸಬಹುದು. 2021ರಲ್ಲಿ ಸಿಕಂದರಾಬಾದಿನ ಸಂಸ್ಥೆಯಲ್ಲಿ ಎಳೆಯ ಮಕ್ಕಳಿಗಾಗಿ ಶೀಘ್ರ ಚಿಕಿತ್ಸಾ ಕೇಂದ್ರವೂ ತೆರೆಯಿತು. 2011ರ ಜನಗಣತಿಯಂತೆ ದೇಶದಲ್ಲಿ ವಿಕಲಚೇತನರು 2.68 ಕೋಟಿ. ಆದರೆ ಅವರಲ್ಲಿ ಎಷ್ಟು ಮಂದಿ ಯಾವ ಸೇವೆಗಾಗಿ ಎಷ್ಟು ಕಾಲದಿಂದ ಕಾಯುತ್ತಿದ್ದಾರೆಂಬುದನ್ನು ಜನಗಣತಿ ಕೇಳಲಿಲ್ಲ.

ನಮ್ಮ ಬಳಗದ ಒಂದು ಮನೆಯ ಸಂಗತಿ ಹೇಳಿ ಮುಗಿಸುತ್ತೇವೆ. ಮಾತು ಕಲಿಸುವ ಒಂದು ಕೇಂದ್ರದಲ್ಲಿ ಅವರು ಮಗುವಿನ ಹೆಸರನ್ನು ಪುಸ್ತಕದಲ್ಲಿ ಬರೆಯಿಸಿ ಬಂದರು. ಕರೆ ಬರುವ ಹೊತ್ತಿಗೆ ಎರಡು ಯುಗಾದಿ ಕಳೆದಿದ್ದವು. ಪರೀಕ್ಷೆ ಮಾಡಿದವರು ತೆಲುಗಿನಲ್ಲಿ ಕೇಳಿದರು, ಹಿಂದಿಯಲ್ಲಿ ಕೇಳಿದರು, ಮಗು ಸುಮ್ಮನಿತ್ತು. ‘ತಿಳಿಯುವುದಿಲ್ಲ’ ಎಂದು ಕಾಗದದ ಮೇಲೆ ಬಂತು. ತಾಯಿ ಕನ್ನಡದಲ್ಲಿ ‘ಚೆಂಡು ಎಲ್ಲಿ, ಪುಟ್ಟಾ?’ ಎಂದಾಗ ಮಗು ಕೈ ತೋರಿಸಿತು. ಅಷ್ಟರಲ್ಲಿ ಮುಂದಿನವರ ಪಾಳಿ ಬಂದಿತ್ತು.

ಸೇವೆಗಳನ್ನು ಕಟ್ಟುವುದು ಸರ್ಕಾರದ ಹೊಣೆ. ಅದನ್ನು ಕೇಳುತ್ತಲೇ ಇರೋಣ. ಆದರೆ ಒಂದು ನೋಟುಪುಸ್ತಕವನ್ನು ತೆರೆಯಲು ನಮ್ಮ ಸಂಘಕ್ಕೆ ಯಾರ ಅಪ್ಪಣೆಯೂ ಬೇಡ. ಎಡಬದಿಯಲ್ಲಿ ನಮ್ಮ ಯಾವ ಮನೆ ಏನಕ್ಕಾಗಿ ಎಂದಿನಿಂದ ಕಾಯುತ್ತಿದೆ ಎಂಬುದನ್ನು ಬರೆಯೋಣ. ಬಲಬದಿಯಲ್ಲಿ ಪರೀಕ್ಷೆಯ ದಿನ ಕನ್ನಡ ಮಾತಾಡಲು ಜೊತೆಗೆ ಹೋಗಬಲ್ಲವರ, ವಾರಕ್ಕೊಂದು ಮಧ್ಯಾಹ್ನ ಆ ಮಗುವಿನೊಡನೆ ಕುಳಿತುಕೊಳ್ಳಬಲ್ಲವರ ಹೆಸರುಗಳನ್ನು ಬರೆಯೋಣ. ಮುಂದಿನ ಮಾಸಿಕ ಸಭೆಗೆ ಆ ಪುಸ್ತಕವನ್ನು ನಾವು ತರುತ್ತೇವೆ.