ನದಿಯಿಲ್ಲದ ಊರಿನ ನೀರಿನ ಲೆಕ್ಕ

ಬೆಂಗಳೂರಿಗೆ ನದಿಯಿಲ್ಲವೆಂಬುದು ಹಳೆಯ ದೂರು. ಕಾಶಿಗೆ ಗಂಗೆಯುಂಟು, ಮಧುರೆಗೆ ವೈಗೆಯುಂಟು, ಶ್ರೀರಂಗಪಟ್ಟಣವನ್ನಂತೂ ಕಾವೇರಿ ಎರಡು ತೋಳುಗಳಿಂದ ಬಳಸಿಕೊಂಡಿದ್ದಾಳೆ. ನಮ್ಮ ರಾಜಧಾನಿಯೊಂದು ಮಾತ್ರ ದಿಣ್ಣೆಯ ನೆತ್ತಿಯ ಮೇಲೆ ಕುಳಿತು ಮುಗಿಲು ನೋಡುತ್ತಿದೆ ಎಂದು ಹೊರಗಿನಿಂದ ಬಂದವರು ಹೇಳುತ್ತಾರೆ, ನಾವೂ ಹೌದೆನ್ನುತ್ತೇವೆ. ಈ ದೂರನ್ನು ಕೊಂಚ ತಿರುಗಿಸಿ ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಊರು ನಿಂತಿರುವುದು ನದಿಯ ದಡದಲ್ಲಲ್ಲ, ಹೊಳೆಗಳು ಹುಟ್ಟುವ ಕಡೆಯಲ್ಲಿ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ದಿಣ್ಣೆ ಉತ್ತರ ದಕ್ಷಿಣವಾಗಿ ಬೆನ್ನುಮೂಳೆಯಂತೆ ಹಾದುಹೋಗಿದೆ. ಅದರ ಮೂಡಲಿಗೆ ಬಿದ್ದ ಮಳೆ ಹೆಬ್ಬಾಳದ ಕಣಿವೆಯಲ್ಲಿ, ಕೋರಮಂಗಲ–ಚಲ್ಲಘಟ್ಟದ ಕಣಿವೆಯಲ್ಲಿ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಪಡುವಲಿಗೆ ಬಿದ್ದದ್ದು ವೃಷಭಾವತಿಯಾಗಿ ಅರ್ಕಾವತಿಯನ್ನು ಕೂಡಿ, ಕೊನೆಗೆ ಕಾವೇರಿಯ ಪಾಲಾಗುತ್ತದೆ. ಒಂದೇ ಬೀದಿಯ ಎದುರುಬದುರು ಮನೆಗಳ ಸೂರಿನ ನೀರು ಎರಡು ಬೇರೆ ನದಿಗಳಿಗೆ ಹೋಗುವುದು ಇಲ್ಲಿ ಅಸಾಧ್ಯವಲ್ಲ.

1537ರಲ್ಲಿ ಕೆಂಪೇಗೌಡ ಇಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದನೆಂದು ಎಲ್ಲರೂ ಓದಿದ್ದೇವೆ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳ ಹೆಸರುಗಳೂ ಅವನ ಮನೆತನದ ಜೊತೆಗೇ ಬರುತ್ತವೆ. ಪಾಠದ ಪುಸ್ತಕದಲ್ಲಿ ಊರು ಮೊದಲು, ಕೆರೆ ಆಮೇಲೆ. ಊರನ್ನು ಕಟ್ಟಿ ಅದಕ್ಕೊಂದು ಅಲಂಕಾರವಾಗಿ ಕೆರೆಯನ್ನೂ ಕಟ್ಟಿದಂತೆ. ನನಗೆ ತೋರುವಂತೆ ಅದು ತಲೆಕೆಳಗಾದ ಮಾತು. ನೀರು ನಿಲ್ಲುವ ತಾಣ ಸಿಗದಿದ್ದರೆ ಅರಳೇಪೇಟೆಯೂ ಇಲ್ಲ, ಅಕ್ಕಿಪೇಟೆಯೂ ಇಲ್ಲ.

ಕೆರೆಯೆಂದರೆ ನೀರು ತುಂಬಿದ ಗುಂಡಿಯೆಂದು ನಗರದವರಾದ ನಾವು ತಿಳಿಯುತ್ತೇವೆ. ಹಳ್ಳಿಯವರನ್ನು ಕೇಳಿದರೆ ಅವರು ಬೇರೆ ಪಟ್ಟಿಯನ್ನೇ ಹೇಳಿಯಾರು: ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು, ಹೂಳು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು ಆ ನೀರು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಸರ ಪೋಣಿಸಿದಂತೆ ಒಂದರ ಕೆಳಗೊಂದು. ತೂಬನ್ನು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡುವುದಕ್ಕೆ ನೀರುಗಂಟಿಯಿದ್ದ. ಬೇಸಿಗೆಯಲ್ಲಿ ಹೂಳು ತೆಗೆದರೆ ಅದು ಹೊಲಕ್ಕೆ ಗೊಬ್ಬರ. ಜೇಡಿಯಿದ್ದರೆ ಕುಂಬಾರನಿಗೆ ಮಡಕೆ, ಇಟ್ಟಿಗೆಯವನಿಗೆ ಇಟ್ಟಿಗೆ. ಕೆರೆಯಂಗಳ ಒಣಗಿದಾಗ ದನಗಳಿಗೆ ಹುಲ್ಲು, ತುಂಬಿದಾಗ ಬೆಸ್ತನಿಗೆ ಮೀನು, ಸುತ್ತಲಿನ ಬಾವಿಗಳಿಗೆ ಒಸರು. ಊರಿನ ಸುತ್ತ ತಿಗಳರು ಹೂವು, ಸೊಪ್ಪು, ತರಕಾರಿ ಬೆಳೆದು ಪೇಟೆಗೆ ತರುತ್ತಿದ್ದರು. ಪೇಟೆಯ ಕಸ, ಸಗಣಿ ಹಿಂದಿರುಗಿ ಅವರ ತೋಟಕ್ಕೆ ಹೋಗುತ್ತಿತ್ತು. ಇವುಗಳಲ್ಲಿ ಯಾವುದನ್ನೂ ಒಬ್ಬ ಅಧಿಕಾರಿ ಕುಳಿತು ಯೋಜಿಸಿದ್ದಲ್ಲ. ಒಂದನ್ನು ಎಳೆದರೆ ಇನ್ನೊಂದು ಅಲುಗುವಂತೆ ಕಾಲದಿಂದ ಕಾಲಕ್ಕೆ ಹೆಣೆದುಕೊಂಡು ಬಂದದ್ದು.

ಹಳೆಯ ಕಾಲವೆಲ್ಲ ಚೆನ್ನಾಗಿತ್ತೆಂದು ಹೇಳಲು ನಾನು ಹೊರಟಿಲ್ಲ. ಕೆರೆ ಒಣಗಿದ ವರ್ಷ ಊರೂ ಒಣಗುತ್ತಿತ್ತು. 1876–78ರ ಬರದಲ್ಲಿ ಮೈಸೂರು ಸೀಮೆಯ ಜನ ಹುಳುಗಳಂತೆ ಸತ್ತರು. ನೀರು ಹಂಚುವುದರಲ್ಲಿ ಜಾತಿಯ ಗೋಡೆಯಿತ್ತು. ಯಾವ ಬಾವಿಗೆ ಯಾರು ಇಳಿಯಬೇಕೆಂಬುದು ನಿಗದಿಯಾಗಿತ್ತು. ಆದಕಾರಣ ಕೊಳಾಯಿ ಬಂದಾಗ ಜನ ಹಿಗ್ಗಿದ್ದರೆ ಅದು ಸಹಜವೇ.

1809ರಲ್ಲಿ ದಂಡು ಬಂದು ನೆಲೆಯೂರಿದ ಮೇಲೆ ಊರು ಎರಡಾಯಿತು. ನೀರು ಬೇಡುವ ಬಾಯಿಗಳೂ ಎರಡಾದವು. 1882ರಲ್ಲಿ ಕರ್ನಲ್ ಸ್ಯಾಂಕಿ ತನ್ನ ಹೆಸರಿನ ಕೆರೆಯನ್ನು ಕಟ್ಟಿಸಿದ. ಅದೂ ಸಾಲದೆ, 1890ರ ದಶಕದ ನಡುವಿನಲ್ಲಿ ಸುಮಾರು ಇಪ್ಪತ್ತು ಕಿಲೊಮೀಟರ್ ದೂರದ ಹೆಸರಘಟ್ಟದಿಂದ, ಅರ್ಕಾವತಿಯ ನೀರನ್ನು ಊರಿಗೆ ತಂದರು. ಅಂದಿಗೆ ಅದು ದೊಡ್ಡ ಸಾಹಸ. ಅದರ ಬೆನ್ನಿಗೇ ಯಾರೂ ಗಮನಿಸದ ಒಂದು ಬದಲಾವಣೆ ನಡೆಯಿತು. ಮನೆಯ ಮುಂದಿನ ನಲ್ಲಿ ತಿರುಗಿಸಿದರೆ ನೀರು ಬರುವಾಗ ಧರ್ಮಾಂಬುಧಿಯ ತೂಬು ಸರಿಯಿದೆಯೇ, ಅದರ ಕಾಲುವೆ ಕಟ್ಟಿದೆಯೇ ಎಂದು ಕೇಳುವವರು ಯಾರು? ಕುಡಿಯುವ ನೀರು ದೂರದಿಂದ ಬಂದ ದಿನವೇ ಹತ್ತಿರದ ಕೆರೆ ಅನಾಥವಾಯಿತು. ಇನ್ನೂ ಒಂದು ಮಾತು: ಮನೆಗೆ ಹೆಚ್ಚು ನೀರು ಬಂದರೆ ಮನೆಯಿಂದ ಹೆಚ್ಚು ನೀರು ಹೊರಗೆ ಹೋಗಲೇಬೇಕು. ತರುವುದಕ್ಕೆ ಹಾಕಿದಷ್ಟು ಬುದ್ಧಿಯನ್ನು ಕಳಿಸುವುದಕ್ಕೆ ಹಾಕಲಿಲ್ಲ. ಬಚ್ಚಲ ನೀರು ಇಳಿಜಾರು ಹುಡುಕಿಕೊಂಡು ಹಳೆಯ ಕಾಲುವೆಯನ್ನೇ ಹಿಡಿಯಿತು.

ಅಷ್ಟರಲ್ಲಿ ಪ್ಲೇಗ್ ಬಂತು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಮಾರಿ ರೈಲು ಹತ್ತಿ ಹುಬ್ಬಳ್ಳಿಯ ಮಾರ್ಗವಾಗಿ 1898ರ ಆಗಸ್ಟಿನಲ್ಲಿ ಬೆಂಗಳೂರಿಗಿಳಿಯಿತು. ಧಾನ್ಯ ತಂದ ದಾರಿಯಲ್ಲೇ ಸಾವೂ ಬಂತು. ಇಲಿಯ ಮೈಮೇಲಿನ ಚಿಗಟವೇ ಈ ರೋಗವನ್ನು ಹರಡುತ್ತದೆಂದು ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿಕೊಟ್ಟದ್ದೂ ಅದೇ 1898ರಲ್ಲಿ. ಜಗತ್ತು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು. ಅಕ್ಕಿಪೇಟೆ, ತರಗುಪೇಟೆಗಳ ಮಂಡಿಗಳಲ್ಲಿ ಮೂಟೆಯ ಮೇಲೆ ಮೂಟೆ, ಮೂಟೆಯ ಸಂದಿನಲ್ಲಿ ಇಲಿ, ಅಟ್ಟದ ಮೇಲೆ ಸಂಸಾರ. ಪೇಟೆಯ ಐಶ್ವರ್ಯ ಯಾವುದೋ ಅದೇ ಪೇಟೆಯ ಅಪಾಯವೂ ಆಯಿತು. ಜನ ಮನೆ ಬಿಟ್ಟು ಬಯಲಿನ ಗುಡಿಸಲುಗಳಿಗೆ ಓಡಿದರು. ಪ್ಲೇಗಮ್ಮನಿಗೆ ಗುಡಿಗಳೆದ್ದವು. ಪೇಟೆ ದಂಡು ಎರಡೂ ಸೇರಿ 1891ರಲ್ಲಿ ಸುಮಾರು 1,80,000 ಇದ್ದ ಜನಸಂಖ್ಯೆ 1901ರ ಹೊತ್ತಿಗೆ 1,59,000ಕ್ಕೆ ಇಳಿದಿತ್ತು.

ಬಸವನಗುಡಿ ಮಲ್ಲೇಶ್ವರಗಳು ಈ ಭಯದ ಮಕ್ಕಳು. ಯೋಜನೆ ಮೊದಲೇ ಇತ್ತಾದರೂ ಜನ ಅಲ್ಲಿಗೆ ಹೊರಟದ್ದು ಪ್ಲೇಗಿನ ದೆಸೆಯಿಂದ. ನೇರವಾದ ರಸ್ತೆ, ಗಾಳಿ ಬೆಳಕು, ಮನೆಯ ಹಿಂದೆ ಕಕ್ಕಸು ಬಾಚುವವರು ಬಂದುಹೋಗಲು ಬೇರೆಯೇ ಒಂದು ಓಣಿ. ಬಡಾವಣೆಯ ಭಾಗಗಳನ್ನು ಜಾತಿವಾರು ವಿಂಗಡಿಸಿದ್ದನ್ನೂ ಮರೆಯಬಾರದು. ಆರೋಗ್ಯದ ನಕ್ಷೆಯ ಮೇಲೆ ಹಳೆಯ ಪೇಟೆಯ ಗೆರೆಗಳೇ ಮತ್ತೆ ಬಿದ್ದವು. ಆ ಬೀದಿಗಳ ಮರಗಳ ನೆರಳಿನಲ್ಲಿ ನಡೆದಾಡುವ ಸುಖವನ್ನು ನಾನೂ ಉಂಡವನೇ, ಆದ್ದರಿಂದ ಹೆಚ್ಚು ಬೈಯಲಾರೆ. ಬಸವನಗುಡಿ ದಿಣ್ಣೆಯ ಮೇಲಿದೆ, ಕೆಂಪಾಂಬುಧಿ ಅದರ ಮಗ್ಗುಲ ತಗ್ಗಿನಲ್ಲಿದೆ ಎಂಬುದನ್ನಷ್ಟು ನೆನಪಿಸುತ್ತೇನೆ. ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ಜನ ನಂಬುವ ವೃಷಭಾವತಿ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಇಂದು ಏನಾಗಿದ್ದಾಳೆಂಬುದನ್ನು ಮೂಗಿದ್ದವರಿಗೆ ಹೇಳಬೇಕಾದ್ದಿಲ್ಲ.

ಇದೇ ಕಾಲದಲ್ಲಿ ಇನ್ನೊಂದು ತಂತಿ ಹೆಣೆದುಕೊಂಡಿತು. ಕೋಲಾರದ ಚಿನ್ನದ ಗಣಿಗೆ ಬೇಕೆಂದು ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ತನ್ನು ಎಳೆದರು. ಅದರ ಪಾಲು 1905ರಲ್ಲಿ ಬೆಂಗಳೂರಿನ ಬೀದಿದೀಪಗಳಾಯಿತು. ಕಾವೇರಿ ಮೊದಲು ನಮ್ಮೂರಿಗೆ ಬಂದದ್ದು ನೀರಾಗಿಯಲ್ಲ, ಬೆಳಕಾಗಿ.

ಸ್ಕಾಟ್‌ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸ್ ಎಂಬಾತನನ್ನು ಇಲ್ಲಿ ನೆನೆಯಬೇಕು. ಓದಿದ್ದು ಜೀವಶಾಸ್ತ್ರ, ಹಿಡಿದ ಹುಚ್ಚು ಊರುಗಳದು. 1914ರಲ್ಲಿ ಹಿಂದೂಸ್ಥಾನಕ್ಕೆ ಬಂದು, ಮದರಾಸು ಪ್ರಾಂತದ ಊರುಗಳನ್ನು ಸುತ್ತಿ ವರದಿ ಬರೆದ. ಆಗ ಆ ಪ್ರಾಂತದಲ್ಲಿದ್ದ ನಮ್ಮ ಬಳ್ಳಾರಿಯೂ ಅದರಲ್ಲಿ ಸೇರಿತ್ತು. ಅಗಲ ರಸ್ತೆಯ ಹೆಸರಿನಲ್ಲಿ ಕೇರಿಗಳನ್ನು ಸೀಳಿಹಾಕುವ ಎಂಜಿನಿಯರುಗಳನ್ನು ಕಂಡರೆ ಅವನಿಗೆ ಆಗದು. ಊರು ಒಂದು ಜೀವ, ಅದಕ್ಕೆ ಬೇಕಾದದ್ದು ಕೊಡಲಿಯಲ್ಲ, ಕೈನಡುಗದ ವೈದ್ಯನ ಸಣ್ಣ ಕತ್ತಿ ಎಂಬುದು ಅವನ ವಾದ. ಸೊಳ್ಳೆಯ ಕಾಟವೆಂದು ಕೆರೆಗಳನ್ನು ಮುಚ್ಚಬೇಡಿ, ಮೀನು ಬಾತುಗಳನ್ನು ಬಿಡಿ, ಅವು ಮರಿಗಳನ್ನು ತಿಂದುಕೊಳ್ಳುತ್ತವೆ; ಕೆರೆಯಿದ್ದರೆ ಊರಿಗೆ ತಂಪೂ ಉಂಟು ಎಂದು ಆತ ಹೇಳಿದ. ಇಂದೂರಿನಲ್ಲಂತೂ ಪ್ಲೇಗಿನ ಕಾಲದಲ್ಲಿ ದೀಪಾವಳಿಗೆ ಮೆರವಣಿಗೆ ಹೊರಡಿಸಿ, ಇಲಿಯ ದೊಡ್ಡ ಬೊಂಬೆಯನ್ನು ಸುಡಿಸಿ, ಬೀದಿಗಳನ್ನು ಜನರಿಂದಲೇ ಗುಡಿಸಿಸಿದ. ಪುಣ್ಯಾತ್ಮ!

ಅವನ ಮಾತು ಬೆಂಗಳೂರಿಗೆ ಕೇಳಿಸಲಿಲ್ಲ. ಸೊಳ್ಳೆ, ಮಲೇರಿಯ, ದುರ್ವಾಸನೆ ಎಂಬ ಕಾರಣಗಳು ಎದ್ದವು. ಕಾರಣಗಳ ಹಿಂದೆ ಬಯಲು ಜಾಗದ ಆಸೆಯಿತ್ತು. ಧರ್ಮಾಂಬುಧಿಯ ಪಕ್ಕಕ್ಕೆ ರೈಲು ನಿಲ್ದಾಣ ಬಂದಿತ್ತು. ಬತ್ತಿದ ಅಂಗಳ ಸುಭಾಷ್‌ನಗರದ ಮೈದಾನವಾಯಿತು, ಆಮೇಲೆ ಬಸ್ ನಿಲ್ದಾಣ. ಶೂಲೆ ಕೆರೆ ಫುಟ್‌ಬಾಲ್ ಅಂಗಳವಾಯಿತು, ಅಕ್ಕಿತಿಮ್ಮನಹಳ್ಳಿಯದು ಹಾಕಿಗೆ ಹೋಯಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಮನೆಗಳೆದ್ದವು. ನಮ್ಮೂರ ಆಟಗಾರರು ಆಡುವುದೆಲ್ಲ ಕೆರೆಗಳ ಎದೆಯ ಮೇಲೆ.

ಸಂಪಂಗಿ ಕೆರೆಯ ಕಥೆ ಇವುಗಳಲ್ಲಿ ಹೆಚ್ಚು ಮನಸ್ಸಿಗೆ ತಾಗುವಂಥದು. ಅದರ ನೀರಿನಿಂದ ಬದುಕಿದ ತಿಗಳರಿಗೆ ಅದು ಬರಿಯ ನೀರಾಗಿರಲಿಲ್ಲ. ಚೈತ್ರದ ಕರಗಕ್ಕೂ ಆ ಕೆರೆಗೂ ನಂಟು. ಕೆರೆ ಬತ್ತಿಸಿ 1940ರ ದಶಕದಲ್ಲಿ ಕಂಠೀರವ ಕ್ರೀಡಾಂಗಣ ಕಟ್ಟಿದಾಗ ತೋಟಗಳು ಹೋದವು, ಬಾವಿಗಳ ಒಸರು ಹೋಯಿತು, ಕುಲಕಸುಬು ಹೋಯಿತು. ಕರಗವನ್ನು ಮಾತ್ರ ಯಾವ ಎಂಜಿನಿಯರಿಗೂ ತೆಗೆದುಹಾಕಲಾಗಲಿಲ್ಲ. ಅದಕ್ಕೆಂದು ಕ್ರೀಡಾಂಗಣದ ಮಗ್ಗುಲಲ್ಲಿ ಒಂದು ಚಿಕ್ಕ ಕೊಳವನ್ನು ಉಳಿಸಬೇಕಾಯಿತು. ಇಂದಿಗೂ ಅದು ಅಲ್ಲಿದೆ.

1961ರಲ್ಲಿ ಜೇನ್ ಜೇಕಬ್ಸ್ ಎಂಬ ಅಮೆರಿಕದ ಹೆಂಗಸು ನಗರಗಳ ಅಳಿವು ಉಳಿವಿನ ಬಗೆಗೆ ಒಂದು ಪುಸ್ತಕ ಬರೆದಳು. ಅದರ ಕೊನೆಯ ಅಧ್ಯಾಯದಲ್ಲಿ ಆಕೆ ಎತ್ತುವ ಪ್ರಶ್ನೆ, ನಗರವೆಂಬುದು ಯಾವ ಬಗೆಯ ಸಮಸ್ಯೆ ಎಂಬುದು. ವಾರನ್ ವೀವರ್ ಎಂಬ ವಿಜ್ಞಾನಿಯ ವಿಂಗಡಣೆಯನ್ನು ಆಕೆ ಬಳಸಿಕೊಂಡಿದ್ದಾಳೆ. ನನ್ನ ಮಾತಿನಲ್ಲಿ ಹೇಳುವುದಾದರೆ, ಏತದಂಥ ಸಮಸ್ಯೆಗಳುಂಟು: ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತದೆ. ರಾಗಿಯ ರಾಶಿಯಂಥವೂ ಉಂಟು: ಕಾಳು ಲಕ್ಷವಿದ್ದರೂ ಸರಾಸರಿ ಹಿಡಿದರೆ ಲೆಕ್ಕ ಸಿಗುತ್ತದೆ. ಮೂರನೆಯದು ಮನುಷ್ಯನ ಮೈಯಂಥದು: ಹಲವು ಅಂಗಗಳು, ಪ್ರತಿಯೊಂದೂ ಉಳಿದವುಗಳ ಮುಖ ನೋಡಿಕೊಂಡು ನಡೆಯುವಂಥವು. ನಗರ ಈ ಮೂರನೆಯ ಬಗೆಯದು. ಯೋಜಕರು ಅದನ್ನು ಮೊದಲೆರಡು ಬಗೆಯದೆಂದು ತಿಳಿದು ಕೆಡಿಸುತ್ತಾರೆಂಬುದು ಆಕೆಯ ಆರೋಪ. ನಮ್ಮಲ್ಲಿ ರಸ್ತೆಗೊಂದು ಕಚೇರಿ, ನೀರಿಗೊಂದು, ನಿವೇಶನಕ್ಕೊಂದು, ಕೆರೆಗೆ ಮತ್ತೊಂದು. 1964ರಲ್ಲಿ ನೀರು ಸರಬರಾಜು ಮತ್ತು ಒಳಚರಂಡಿಗೆಂದು ಒಂದು ಮಂಡಲಿಯಾದಾಗ ತರುವ ನೀರೂ ಕಳಿಸುವ ನೀರೂ ಒಂದೇ ಸೂರಿನಡಿ ಬಂದವು. ಅದು ವಿವೇಕದ ಹೆಜ್ಜೆಯೇ. ಮಳೆಯ ನೀರು ಮಾತ್ರ ಹೊರಗೇ ಉಳಿಯಿತು.

ಮುಂದಿನದು ಓದುಗರಿಗೆ ಗೊತ್ತಿರುವುದೇ. ಹೆಸರಘಟ್ಟ ಬತ್ತಿತು; ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರವಾಯಿತು; ಅದೂ ಸಾಲದಾಗಿ 1974ರಲ್ಲಿ ಕಾವೇರಿ ಬಂತು. ಸುಮಾರು ನೂರು ಕಿಲೊಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ, ಹಂತ ಹಂತವಾಗಿ ಪಂಪುಗಳಿಂದ ಎತ್ತಿ ತಂದ ನೀರದು. ನಾವು ಹಲ್ಲುಜ್ಜುವಾಗ ನಲ್ಲಿಯನ್ನು ಹಾಗೇ ಬಿಟ್ಟರೆ ಹರಿದುಹೋಗುವುದು ನೀರು ಮಾತ್ರವಲ್ಲ, ವಿದ್ಯುತ್ತು ಕೂಡ. ಕೆರೆಗಳ ಗತಿಯನ್ನು ವಿಚಾರಿಸಲು 1985ರಲ್ಲಿ ಲಕ್ಷ್ಮಣರಾವ್ ಸಮಿತಿ ನೇಮಕವಾಯಿತು. ಕೆರೆಗಳನ್ನು ಉಳಿಸಿಕೊಳ್ಳಿರೆಂದು ಅದು ಹೇಳಿತು. ಹೇಳಿದ್ದು ಕಾಗದದಲ್ಲಿ ಚೆನ್ನಾಗಿತ್ತು.

ಕೆರೆ ಹೋದರೂ ತಗ್ಗು ಹೋಗುವುದಿಲ್ಲ. ನೀರಿಗೆ ಸರ್ವೇ ನಂಬರು ತಿಳಿಯದು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ದೊಡ್ಡ ದೊಡ್ಡ ಮನೆಗಳ ಜನರನ್ನು ಟ್ರಾಕ್ಟರುಗಳಲ್ಲಿ, ದೋಣಿಗಳಲ್ಲಿ ಹೊರತಂದರಷ್ಟೆ. ಒಂದೂವರೆ ವರ್ಷ ಕಳೆದು 2024ರ ಬೇಸಿಗೆಯಲ್ಲಿ ಅದೇ ಊರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿ ಟ್ಯಾಂಕರಿಗೆ ಕಾದು ನಿಂತದ್ದೂ ಆಯಿತು. ಎರಡೂ ವರ್ಷ ಪತ್ರಿಕೆಗಳು ಎರಡು ಬೇರೆ ಸುದ್ದಿಗಳೆಂದೇ ಬರೆದವು. ಇಂಗಬೇಕಾದ ಕಡೆ ಇಂಗದೆ ಹೋದ ನೀರೇ ಮೊದಲ ವರ್ಷ ಮನೆಗೆ ನುಗ್ಗಿದ್ದು, ಎರಡನೆಯ ಸಲ ಬಾವಿಯಲ್ಲಿ ಇಲ್ಲದೆ ಹೋದದ್ದು. ದೊಡ್ಡ ಮನೆಗಳವರು ಹೋಟೆಲಿಗೆ ಹೋದರು. ಅದೇ ಪ್ರವಾಹದಲ್ಲಿ ಅವರ ಮನೆಗೆಲಸದವರ ತಗಡಿನ ಗುಡಿಸಲುಗಳೂ ಮುಳುಗಿದ್ದವು, ಅವರಿಗೆ ಹೋಟೆಲಿರಲಿಲ್ಲ.

ಬೆಳ್ಳಂದೂರು ಕೆರೆ ಬೆಂಕಿ ಹತ್ತಿ ಉರಿದದ್ದನ್ನು ದೇಶವೆಲ್ಲ ನೋಡಿತು. ಆ ಕಣಿವೆಯ ಕೊಳಚೆಯನ್ನು ಶುದ್ಧಿ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ; ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಇದನ್ನು ನಿಧಾನವಾಗಿ ಯೋಚಿಸಿದರೆ ಬೆರಗಾಗುತ್ತದೆ. ಕೊಡಗಿನಲ್ಲಿ ಬಿದ್ದ ಮಳೆ ಕಾವೇರಿಯಾಗಿ ಬಂದು, ದಿಣ್ಣೆ ಹತ್ತಿ, ನಮ್ಮ ಅಡಿಗೆಮನೆ ಬಚ್ಚಲುಮನೆಗಳನ್ನು ಹಾದು, ಮೂಡಣ ಕಣಿವೆಗಿಳಿದು, ಅಲ್ಲಿಂದ ಮತ್ತೆ ಪಂಪಿನ ಮೂಲಕ ಮೇಲೇರಿ, ನದಿಯನ್ನೇ ಕಾಣದ ಕೋಲಾರದ ಕೆರೆಗಳಲ್ಲಿ ನಿಂತು, ಬಾವಿಗಳಿಗೆ ಒಸರಾಗಿ, ಟೊಮೆಟೊ ತೋಟಕ್ಕೆ ಹೋಗುತ್ತದೆ. ಆ ಟೊಮೆಟೊ ನಮ್ಮ ಸಾರಿಗೆ ಬರುತ್ತದೆ. ಹಿಂದೆ ಪೇಟೆಯ ಕಸ ತಿಗಳರ ತೋಟಕ್ಕೆ, ತೋಟದ ಸೊಪ್ಪು ಪೇಟೆಗೆ ಸುತ್ತುತ್ತಿದ್ದ ಚಕ್ರವೇ ಈಗ ಜಿಲ್ಲೆ ಜಿಲ್ಲೆಗಳನ್ನು ದಾಟಿ ಉರುಳುತ್ತಿದೆ. ಬತ್ತಿದ ಬಾವಿಯಲ್ಲಿ ನೀರು ಕಂಡ ರೈತರು ಸಂತೋಷಪಟ್ಟಿದ್ದಾರೆ. ಎರಡು ಹಂತದ ಶುದ್ಧಿ ಸಾಲದು, ಮೂರನೆಯದೂ ಆಗಬೇಕು, ನಿಮ್ಮೂರ ವಿಷ ನಮ್ಮ ಅಂತರ್ಜಲಕ್ಕೆ ಬೇಡ ಎಂದು ಅದೇ ಕೋಲಾರದ ಜನ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದಾರೆ. ಬೆಂಗಳೂರಿನ ಬಚ್ಚಲಲ್ಲಿ ಏನನ್ನು ಸುರಿಯುತ್ತಾರೆಂದು ಕೇಳುವ ಹಕ್ಕು ಈಗ ಅವರಿಗೂ ಬಂದಿದೆ.