ಇಕ್ಕೇರಿಗೆ ಬಂದ ರೋಮಿನ ನೆಂಟ

ಹೊಸದಾಗಿ ಊರಿಗೆ ಬಂದವರ ಕಣ್ಣಿಗೆ ಬೀಳುವುದೇ ಬೇರೆ. ಕಾಗದ ಬರೆಯುತ್ತಿದ್ದ ಕಾಲದಲ್ಲಿ, ಬಯಲುಸೀಮೆಯಿಂದ ಮಲೆನಾಡಿಗೆ ಸೊಸೆಯಾಗಿ ಬಂದ ಹುಡುಗಿ ಮೊದಲ ಮಳೆಗಾಲದಲ್ಲಿ ತವರಿಗೆ ಏನೇನು ಬರೆಯುತ್ತಿದ್ದಳು ನೆನೆಸಿಕೊಳ್ಳಿ. ಇಲ್ಲಿ ಬಟ್ಟೆ ಒಣಗಲು ಒಲೆಯ ಮೇಲ್ಗಡೆ ಹಗ್ಗ ಕಟ್ಟುತ್ತಾರೆ, ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡುತ್ತಾರೆ, ಹಲಸಿನ ಬೀಜವನ್ನೂ ಎಸೆಯುವುದಿಲ್ಲ ಎಂದೆಲ್ಲ. ಇದು ಬರೆಯುವಂಥ ಸಂಗತಿ ಎಂದು ಅವಳ ಅತ್ತೆಗೆ ಒಂದು ದಿನವೂ ಅನ್ನಿಸಿರುವುದಿಲ್ಲ. ನಮ್ಮ ಶಂಕರಘಟ್ಟದಲ್ಲಿ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಆರಂಭವಾದ ಮೇಲೆ ಬಂದು ನೆಲಸಿದ ಕಲಬುರ್ಗಿ, ಬಳ್ಳಾರಿ ಕಡೆಯ ಮೇಷ್ಟರುಗಳ ಹೆಂಡಂದಿರು ನಮ್ಮೂರಿನ ಬಗ್ಗೆ ಹೇಳಿದ್ದನ್ನು ಕೇಳಿಯೇ ನಮಗೆ ನಮ್ಮೂರು ಎಷ್ಟೋ ಕಡೆ ಹೊಸದಾಗಿ ಕಂಡಿದೆ.

ಸುಮಾರು ನಾನೂರು ವರ್ಷಗಳ ಹಿಂದೆ ನಮ್ಮ ಜಿಲ್ಲೆಗೆ ಇಂಥ ಒಬ್ಬ ಹೊಸಬ ಬಂದಿದ್ದ. ಹೆಸರು ಪಿಯೆತ್ರೋ ದೆಲ್ಲಾ ವಾಲ್ಲೆ. ರೋಮ್ ನಗರದ ದೊಡ್ಡ ಮನೆತನದವನು, ಹುಟ್ಟಿದ್ದು 1586ರಲ್ಲಿ. ವ್ಯಾಪಾರಿಯಲ್ಲ, ಪಾದ್ರಿಯಲ್ಲ, ಸಿಪಾಯಿಯಲ್ಲ. ಊರು ನೋಡುವುದೇ ಅವನ ಕಸುಬು. 1614ರಲ್ಲಿ ಮನೆ ಬಿಟ್ಟವನು ತುರ್ಕಿ, ಈಜಿಪ್ಟು, ಪರ್ಷಿಯಾ ಸುತ್ತಿ 1623ರಲ್ಲಿ ಸೂರತ್ತಿಗೆ ಬಂದಿಳಿದ. ಅಲ್ಲಿಂದ ಗೋವೆ. ಆಗ ಇಕ್ಕೇರಿಯಲ್ಲಿ ಆಳುತ್ತಿದ್ದವನು ಕೆಳದಿಯ ವೆಂಕಟಪ್ಪನಾಯಕ. ಅವನೊಡನೆ ಪೋರ್ಚುಗೀಸರಿಗೆ ಮೆಣಸಿನ ವ್ಯಾಪಾರವೂ ಇತ್ತು, ಮಂಗಳೂರಿನ ಬಂಗ ಅರಸನ ವಿಚಾರವಾಗಿ ತಕರಾರೂ ಇತ್ತು. ಮಾತುಕತೆಗೆಂದು ಗೋವೆಯಿಂದ ಒಬ್ಬ ರಾಯಭಾರಿ ಹೊರಟಾಗ ಈತನೂ ಜೊತೆಗೆ ಹೊರಟುಬಿಟ್ಟ. ನೇಪಲ್ಸಿನಲ್ಲಿದ್ದ ವೈದ್ಯಮಿತ್ರ ಮಾರಿಯೋ ಸ್ಕಿಪಾನೋನಿಗೆ ದಾರಿಯುದ್ದಕ್ಕೂ ಕಂಡದ್ದನ್ನು ಬರೆಯುವುದು ಇವನ ಅಭ್ಯಾಸ. ಆ ಪತ್ರಗಳಲ್ಲೊಂದರ ತಾರೀಕು ಇಕ್ಕೇರಿ, 22 ನವೆಂಬರ್ 1623. ಸಾಗರದ ಪಕ್ಕದ ನಮ್ಮ ಇಕ್ಕೇರಿ! ಇಟಾಲಿಯನ್ನಿನಿಂದ ಇಂಗ್ಲಿಷಿಗೆ ಬಂದ ಈ ಪತ್ರಗಳು 1892ರಲ್ಲಿ ಟಿಪ್ಪಣಿಗಳೊಂದಿಗೆ ಎರಡು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾದವು. ಬೇಸಿಗೆ ರಜೆಯೊಂದರಲ್ಲಿ ಓದಲು ಕೂತ ನನಗೆ ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ.

ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಬರುತ್ತಾನೆ. ತಾನು ಕಂಡ ಅತಿ ಚೆಲುವಾದ ನದಿಗಳಲ್ಲಿ ಇದೂ ಒಂದು ಎನ್ನುತ್ತಾನೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕಾಲ ಮುಗಿದು ಇನ್ನೂ ಇಪ್ಪತ್ತು ವರ್ಷವಾಗಿರಲಿಲ್ಲ, ಅಷ್ಟರಲ್ಲೇ ಅರಮನೆ ಬಿದ್ದು ಮರಗಿಡ ಬೆಳೆದಿದ್ದವು. ರಾಣಿಯ ಬಗ್ಗೆ ಜನ ಆಡಿಕೊಳ್ಳುತ್ತಿದ್ದ ಮಾತುಗಳನ್ನೂ ಬರೆದಿದ್ದಾನೆ. (ಗಂಡಸು ರಾಜ್ಯ ಕಳೆದುಕೊಂಡರೆ ಯುದ್ಧ ಸೋತ ಎನ್ನುತ್ತಾರೆ. ಹೆಂಗಸು ಕಳೆದುಕೊಂಡರೆ ಅವಳ ನಡತೆಯ ಕಥೆ ಹುಟ್ಟುತ್ತದೆ. ಅದನ್ನು ಇಲ್ಲಿಗೇ ಬಿಡೋಣ.)

ಈತನಿಗೆ ಬಹಳ ಹಿಡಿಸಿದ್ದು ಯಾವುದು ಗೊತ್ತೇ? ಸಗಣಿ ಸಾರಿಸಿದ ನೆಲ! ಸಗಣಿಯನ್ನು ನೀರಿನಲ್ಲಿ ಕಲಸಿ ನೆಲಕ್ಕೆ ಬಳಿಯುವ ಕ್ರಮವನ್ನು, ಅದು ಒಣಗಿ ನುಣುಪಾಗಿ ಹೊಳೆಯುವುದನ್ನು ನೋಡಿ ಬೆರಗಾಗಿ ವಿವರವಾಗಿ ಬರೆಯುತ್ತಾನೆ. ಹೀಗೆ ಸಾರಿಸಿದ ಮನೆಗೆ ಪ್ಲೇಗು ತಾಗುವುದಿಲ್ಲವೆಂದು ಯಾರೋ ಹೇಳಿದರಂತೆ, ಇಟಲಿಗೆ ಹೋದಮೇಲೆ ಪರೀಕ್ಷಿಸಿ ನೋಡುವ ಆಸೆ ಇದೆ ಎನ್ನುತ್ತಾನೆ. ಅಮೃತಶಿಲೆಯ ನೆಲದ ರೋಮಿನ ಮನೆಯಲ್ಲಿ, ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿ ಸಾರಿಸುವವರು ಯಾರು ಎಂಬ ಯೋಚನೆ ಮಾತ್ರ ಅವನಿಗೆ ಬಂದಂತಿಲ್ಲ. ನೀರು ಕುಡಿಯುವುದನ್ನೂ ಹೀಗೆಯೇ ಕಲಿತ. ನಾವು ಚೆಂಬಿಗೆ ತುಟಿ ತಾಗಿಸದೆ ಮೇಲಿನಿಂದ ಎತ್ತಿ ಕುಡಿಯುತ್ತೇವಲ್ಲ, ಅದನ್ನು ಅಭ್ಯಾಸ ಮಾಡಿಕೊಂಡ. ಬಾರದವರು ಮೈಮೇಲೆಲ್ಲ ಚೆಲ್ಲಿಕೊಂಡು ಕೆಮ್ಮಿ ಎಲ್ಲರನ್ನೂ ನಗಿಸುತ್ತಿದ್ದರೆಂದು ಖುಷಿಯಾಗಿ ಬರೆದಿದ್ದಾನೆ.

ಶಿಕ್ಷಕಿಯಾದ ನಾನು ಮತ್ತೆ ಮತ್ತೆ ಓದಿದ ಪುಟ ಬೇರೆ. ಘಟ್ಟದ ದಾರಿಯಲ್ಲಿ ಹನುಮಂತನ ಗುಡಿಯ ಜಗುಲಿಯಲ್ಲಿ ನಾಲ್ಕು ಹುಡುಗರು ಕೂತು ಲೆಕ್ಕ ಕಲಿಯುತ್ತಿದ್ದರು. ಎದುರಿಗೆ ನೆಲದ ಮೇಲೆ ನಯವಾದ ಮರಳು ಹರಡಿದೆ. ಒಬ್ಬ ಹುಡುಗ ರಾಗವಾಗಿ ‘ಒಂದೊಂದ್ಲೆ ಒಂದು’ ಎನ್ನುವ ಧಾಟಿಯಲ್ಲಿ ಪಾಠ ಹೇಳುತ್ತಾ ಬೆರಳಿನಿಂದ ಮರಳಿನ ಮೇಲೆ ಅಂಕಿ ಬರೆಯುತ್ತಾನೆ. ಉಳಿದ ಮೂವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಾರೆ. ಜಾಗ ತುಂಬಿದರೆ ಅಳಿಸುವುದು, ಪಕ್ಕದ ಗುಡ್ಡೆಯಿಂದ ಹೊಸ ಮರಳು ಹರಡುವುದು. ಕಾಗದ, ಲೇಖನಿ, ಮಸಿ ಯಾವುದರ ಖರ್ಚೂ ಇಲ್ಲ. ಗುರುಗಳು ಅಲ್ಲಿರಲಿಲ್ಲ. ತಪ್ಪಾದರೆ ತಿದ್ದುವವರು ಯಾರು ಎಂದು ಇವನು ಕೇಳಿದ. ನಾಲ್ವರೂ ಒಂದೇ ಕಡೆ ಒಟ್ಟಿಗೇ ಮರೆಯುವುದು ಸಾಧ್ಯವಿಲ್ಲವಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಎಂದರಂತೆ ಮಕ್ಕಳು. ಎಂಥ ಉತ್ತರ! ಮಕ್ಕಳು ಗುಂಪಿನಲ್ಲಿ ಒಬ್ಬರಿಂದೊಬ್ಬರು ಕಲಿಯಬೇಕೆಂದು ಬಿ.ಎಡ್. ತರಗತಿಯಲ್ಲಿ ನಮಗೆ ಪರದೇಶದ ಪಂಡಿತರ ಹೆಸರು ಹೇಳಿ ಬೋಧಿಸಿದ್ದರು. ‘ನಲಿ-ಕಲಿ’ ಬಂದಾಗಲೂ ಇದು ಹೊಚ್ಚಹೊಸದೆಂದೇ ನಮ್ಮಲ್ಲಿ ಮಾತಾಯಿತು. 1789ರ ಸುಮಾರಿಗೆ ಮದ್ರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಹೀಗೆಯೇ ಮರಳಿನಲ್ಲಿ ಬರೆಯುವ ಮಕ್ಕಳನ್ನು ನೋಡಿ, ಆ ಪದ್ಧತಿಯನ್ನು ಇಂಗ್ಲೆಂಡಿಗೆ ಒಯ್ದು ಹೆಸರು ಮಾಡಿದ. ಅವನಿಗಿಂತ ನೂರರವತ್ತು ವರ್ಷ ಮೊದಲೇ ನಮ್ಮ ಘಟ್ಟದ ಜಗುಲಿಯ ಮಕ್ಕಳು ಕಾಗದದ ಮೇಲೆ ದಾಖಲಾಗಿದ್ದರು. ನಾಲ್ವರೂ ಗಂಡುಮಕ್ಕಳು ಎನ್ನುವುದು ನಿಮ್ಮ ಗಮನಕ್ಕೂ ಬಂದಿರಬೇಕು.

ಹೆಣ್ಣುಮಕ್ಕಳು ಕಾಣಿಸುವುದು ಇಕ್ಕೇರಿಯ ಬೀದಿಯಲ್ಲಿ. ಊರಿನ ಸುತ್ತ ಗೋಡೆಯ ಬದಲು ದಟ್ಟವಾದ ಬಿದಿರುಮೆಳೆ, ಅಗಳು. ಒಳಗೆ ನೇರವಾದ, ನೆರಳಿರುವ ಉದ್ದನೆಯ ಬೀದಿಗಳು. ಒಂದು ಸಂಜೆ ಅಲ್ಲಿ ಹುಡುಗಿಯರ ಗುಂಪು ಹೊರಟಿತು. ರೇಷ್ಮೆ ಉಟ್ಟು, ತಲೆಗೆ ಬಿಳಿ, ಹಳದಿ ಹೂ ಮುಡಿದು, ಕೈಯಲ್ಲಿ ಬಣ್ಣದ ಎರಡೆರಡು ಕೋಲು. ಒಬ್ಬಳು ಒಂದು ನುಡಿ ಹೇಳಿದರೆ ಉಳಿದವರೆಲ್ಲ ಕೋಲು ಹೊಡೆಯುತ್ತಾ ‘ಕೋಲೆ ಕೋಲೆ’ ಎನ್ನುತ್ತಾರೆ. ಈ ‘ಕೋಲೆ’ ಎಂದರೇನೋ ತಿಳಿಯದು, ಸಂತೋಷ ಸೂಚಿಸುವ ಮಾತಿರಬೇಕು ಎಂದು ಬರೆದುಕೊಂಡ! ಇದನ್ನು ಓದಿ ನಾನೊಬ್ಬಳೇ ಕೂತು ನಕ್ಕೆ. ಕೈಯಲ್ಲಿರುವ ಕೋಲನ್ನು ಕಣ್ಣಾರೆ ಕಂಡವನಿಗೆ ಅದರ ಹೆಸರು ಗೊತ್ತಿಲ್ಲ. ಆದರೂ ‘ಸಂತೋಷದ ಮಾತು’ ಎಂಬ ಅವನ ಊಹೆ ತಪ್ಪೆಂದು ಹೇಗೆ ಹೇಳಲಿ?

ಅದು ಮೂರು ದಿನದ ಗೌರಿಯ ಹಬ್ಬವೆಂದು ಅವನಿಗೆ ಯಾರೋ ತಿಳಿಸಿದರು. ನವೆಂಬರಿನಲ್ಲಿ ಗೌರಿ ಹಬ್ಬವೇ ಎಂದು ನಮ್ಮ ಕಡೆಯವರು ಹುಬ್ಬೇರಿಸಬಹುದು. ನಮಗೆ ಗೌರಿ ಬರುವುದು ಭಾದ್ರಪದದಲ್ಲಿ. ಆದರೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ಕಾರ್ತಿಕ ಮಾಸದಲ್ಲಿ ಗೌರಿಹುಣ್ಣಿಮೆ ಇದೆ. ಹುಡುಗಿಯರು ಸಕ್ಕರೆಯ ಗೊಂಬೆಗಳನ್ನು ಆರತಿ ತಟ್ಟೆಯಲ್ಲಿಟ್ಟುಕೊಂಡು ಗೌರಿಗೆ ಬೆಳಗುತ್ತಾರೆ. ಲೆಕ್ಕ ಹಾಕಿ ನೋಡಿದರೆ 1623ರಲ್ಲಿ ಕಾರ್ತಿಕದ ಹುಣ್ಣಿಮೆ ಬಿದ್ದದ್ದು ನವೆಂಬರ್ 7ರ ಸುಮಾರಿಗೆ. ಇಕ್ಕೇರಿಯ ಬೀದಿಯಲ್ಲಿ ಕುಣಿದದ್ದು ಆ ಗೌರಿಯ ಹುಡುಗಿಯರೇ ಎಂದು ನನ್ನ ನಂಬಿಕೆ. 1801ರಲ್ಲಿ ಬಂದ ಬುಕಾನನ್ ಸಾಹೇಬ ನೇಗಿಲು, ಕಂದಾಯ, ಅಡಿಕೆಯ ದರ ಎಲ್ಲವನ್ನೂ ಎಣಿಸಿದ. ನಮ್ಮ ಶಾಸನಗಳು ದತ್ತಿಬಿಟ್ಟ ಗದ್ದೆಯ ಎಲ್ಲೆಕಟ್ಟನ್ನು ನಾಲ್ಕೂ ದಿಕ್ಕಿಗೆ ಹೇಳುತ್ತವೆ. ಸಂಜೆ ಹೂ ಮುಡಿದು ಹೊರಟ ಹುಡುಗಿಯರ ಸುದ್ದಿ ಎರಡರಲ್ಲೂ ಇಲ್ಲ.

ಅದೇ ಬೀದಿಯಲ್ಲಿ ಅದೇ ತಿಂಗಳು ಅವನು ಇನ್ನೊಂದು ಮೆರವಣಿಗೆ ಕಂಡ. ಕುದುರೆಯ ಮೇಲೆ ಒಬ್ಬ ಹೆಂಗಸು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಕನ್ನಡಿ ನೋಡಿಕೊಳ್ಳುತ್ತಾ ಏನನ್ನೋ ಹಾಡಿಕೊಂಡು ಸಾಗುತ್ತಿದ್ದಾಳೆ. ಸುತ್ತ ವಾದ್ಯ, ಜನ. ಗಂಡ ಸತ್ತಿದ್ದಾನೆ, ಇವಳು ಚಿತೆಗೆ ಹೊರಟಿದ್ದಾಳೆ.

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಗೆ ಹೋದವರು ಅಂಗಳದಲ್ಲಿ ನಿಲ್ಲಿಸಿರುವ ಕಲ್ಲುಗಳನ್ನು ನೋಡಿರುತ್ತೀರಿ. ಮಾಸ್ತಿಕಲ್ಲುಗಳಲ್ಲಿ ಕಂಬದಿಂದ ಹೊರಟಂತೆ ಒಂದು ತೋಳು, ಮಣಿಕಟ್ಟಿನ ತುಂಬ ಬಳೆ, ಬೆರಳ ಸಂದಿನಲ್ಲಿ ನಿಂಬೆಹಣ್ಣು. ಕೆಲವದರಲ್ಲಿ ಕನ್ನಡಿಯೂ ಇದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ‘ಮಿಸ್, ಇದು ಯಾರ ಕೈ’ ಎಂದು ಕೇಳುತ್ತಾರೆ. ಬಹುಪಾಲು ಕಲ್ಲುಗಳ ಮೇಲೆ ಆ ಪ್ರಶ್ನೆಗೆ ಉತ್ತರ ಕೊರೆದಿಲ್ಲ.

ಕೆಲವು ದಿನಗಳ ಮೇಲೆ ಇಂಥದೇ ಇನ್ನೊಬ್ಬಳ ಸುದ್ದಿ ತಿಳಿದು ದೆಲ್ಲಾ ವಾಲ್ಲೆ ದುಭಾಷಿಯನ್ನು ಕರೆದುಕೊಂಡು ಅವಳ ಮನೆಗೇ ಹೋದ. ಮೂವತ್ತರ ಆಸುಪಾಸಿನ ಎತ್ತರದ ಕಪ್ಪು ಹೆಂಗಸು, ಮದುಮಗಳಂತೆ ಹೂ ಮುಡಿದು ನಿಂಬೆಹಣ್ಣು ಹಿಡಿದು ಹೊರಗೆ ಬಂದು ನಗುನಗುತ್ತಾ ಮಾತಾಡಿದಳು. ತೆಲುಗು ಜನದವಳು. ಗಂಡ ಡೋಲು ಬಾರಿಸುತ್ತಿದ್ದವನು. ಹೆಸರು ಕೇಳಿ ಇವನು ತನ್ನ ಲಿಪಿಯಲ್ಲಿ ‘ಜಾಕ್ಕಮಾ’ ಎಂದು ಬರೆದುಕೊಂಡ. ಜಕ್ಕಮ್ಮನಿರಬೇಕು. ಅವಳಿಗೆ ಇಬ್ಬರು ಸವತಿಯರು. ತಮಗೆ ಮಕ್ಕಳಿವೆ, ಸಾಯುವುದಿಲ್ಲ ಎಂದು ಅವರು ಹಿಂದೆ ಸರಿದಿದ್ದರು. ಹಾಗಾದರೆ ನಿನ್ನ ಎಳೆಯ ಮಕ್ಕಳು ಎಂದು ಇವನು ಕೇಳಿದ. ಇಗೋ, ಇವರು ನೋಡಿಕೊಳ್ಳುತ್ತಾರೆ ಎಂದು ಅಲ್ಲೇ ನಿಂತಿದ್ದ ಸಂಬಂಧಿಕನನ್ನು ತೋರಿಸಿದಳು. ಬೇಡವೆಂದು ಎಷ್ಟೋ ಹೇಳಿದ. ಯಾರ ಬಲವಂತವೂ ಇಲ್ಲ, ನನ್ನಿಷ್ಟದಿಂದಲೇ ಎಂದಳು.

ಅವಳ ಈ ಮಾತನ್ನು ಉದ್ದಕ್ಕೂ ಜನ ಅವಳ ಹಿರಿಮೆಯೆಂದೇ ಓದಿದ್ದಾರೆ. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ನನಗೆ ಕಾಣುವುದು ಆ ಅಂಗಳದಲ್ಲಿ ನಿಂತವರು. ಮಕ್ಕಳನ್ನು ಒಪ್ಪಿಸಿಕೊಂಡವನು ಎದುರಿಗೇ ಇದ್ದಾನೆ, ಬಂಧುಬಳಗ ನೆರೆದಿದೆ, ಹೂ ಆಗಲೇ ಮುಡಿಸಿಯಾಗಿದೆ. ‘ಮದುವೆ ನನಗೆ ಒಪ್ಪಿಗೆ ಮಿಸ್’ ಎಂದು ಅಪ್ಪನ ಪಕ್ಕದಲ್ಲಿ ನಿಂತು ಹೇಳಿದ ಒಂಬತ್ತನೇ ತರಗತಿಯ ಹುಡುಗಿಯರನ್ನು ನಾನು ಕಂಡಿದ್ದೇನೆ. ಅವರೂ ನಗುತ್ತಲೇ ಹೇಳಿದರು. ಬ್ರಿಟಿಷ್ ಸರಕಾರ ಸಹಗಮನವನ್ನು ನಿಷೇಧಿಸಿದ್ದು 1829ರಲ್ಲಿ, ಜಕ್ಕಮ್ಮನ ಕಾಲಕ್ಕೆ ಇನ್ನೂರು ವರ್ಷ ಮುಂದೆ.

ಅವಳ ಬಾಗಿಲಲ್ಲಿ ನಿಂತವನ ಕಥೆಯೂ ಸಾಮಾನ್ಯವಲ್ಲ. 1616ರಲ್ಲಿ ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಹುಡುಗಿಯನ್ನು ಪ್ರೀತಿಸಿ ಮದುವೆಯಾಗಿದ್ದ. 1621ರ ಕೊನೆಯಲ್ಲಿ, ಗರ್ಭ ನಿಲ್ಲದೆ ಜ್ವರ ಬಂದು, ಪರ್ಷಿಯಾದ ಕಡಲತೀರದಲ್ಲಿ ಅವಳು ತೀರಿಕೊಂಡಳು. ಹೆಣಕ್ಕೆ ಕರ್ಪೂರ ಹಾಕಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡು ಇಂಡಿಯಾಕ್ಕೂ ತಂದ. 1626ರಲ್ಲಿ ರೋಮ್ ಸೇರಿ, ತನ್ನ ವಂಶದವರ ಸಮಾಧಿಯಲ್ಲಿ ಅವಳನ್ನಿಟ್ಟ. ಆಮೇಲೆ ಮಾನಿ ಸಾಕಿಕೊಂಡಿದ್ದ ಅನಾಥ ಹುಡುಗಿಯನ್ನೇ ಮದುವೆಯಾಗಿ ತುಂಬುಸಂಸಾರ ಮಾಡಿ 1652ರವರೆಗೆ ಬದುಕಿದ. ಹೆಂಡತಿ ಸತ್ತ ಗಂಡಸಿಗೆ ಇಷ್ಟೆಲ್ಲ ದಾರಿಗಳಿದ್ದವು. ಹೆಂಗಸರ ಮೇಲೆ ಇಷ್ಟು ನಿರ್ದಯವಾದ ಪದ್ಧತಿಯನ್ನು ಶಪಿಸುತ್ತಾ ಜಕ್ಕಮ್ಮನ ಮನೆಯಿಂದ ಹೊರಬಂದೆ ಎಂದು ಬರೆದಿದ್ದಾನೆ. ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಬರೆಯುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ. ಇಟಾಲಿಯನ್ನಿನಲ್ಲಿ ಮೂರು ಸುನೀತಗಳನ್ನೂ ರಚಿಸಿದ. ಆ ನವೆಂಬರಿನ ಇಕ್ಕೇರಿಯಲ್ಲಿ ಅವನು ಹೆಸರು ಕೇಳಿ ಬರೆದುಕೊಂಡ ಸಾಮಾನ್ಯ ಹೆಂಗಸೆಂದರೆ ಇವಳೇ.

ಘಟ್ಟ ಇಳಿದು ಕರಾವಳಿಗೆ ಹೋದವನು ಡಿಸೆಂಬರಿನಲ್ಲಿ ಮಂಗಳೂರಿನ ಸೀಮೆಯಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕದೇವಿಯನ್ನು ಕಂಡ. ಗಂಡನಾದ ಬಂಗ ಅರಸನೊಡನೆ ಮುನಿದು, ಅವನು ಕೊಟ್ಟ ಒಡವೆಯನ್ನೆಲ್ಲ ಹಿಂದಕ್ಕೆ ಕಳಿಸಿ, ತನ್ನ ರಾಜ್ಯ ತಾನು ಆಳಿಕೊಂಡಿದ್ದವಳು. ಸಿಂಹಾಸನ, ಚಾಮರ ಏನೂ ಇಲ್ಲ. ಬರಿಗಾಲು, ದಪ್ಪ ಬಿಳಿಬಟ್ಟೆ, ಮೇಲೆ ಓಲೆಯ ಕೊಡೆ. ಅಡುಗೆಮನೆಯ ಆಳಿನಂತೆ ಕಂಡಳು, ಮಾತಾಡಿದಾಗ ವಿವೇಕಿ ಎಂದು ತಿಳಿಯಿತು ಎಂದು ಬರೆದ ರೋಮಿನ ದೊರೆಗೆ, ಅಡುಗೆಮನೆಯಲ್ಲಿ ವಿವೇಕಿಗಳಿರಬಹುದೆಂಬುದು ಹೊಳೆದಿಲ್ಲ. ಹೊಲಕ್ಕೆ ನೀರು ಹಾಯಿಸುವ ಕಾಲುವೆ ತೋಡಿಸುತ್ತಿದ್ದಳಂತೆ. ದಾರಿಯಲ್ಲೇ ನಿಂತು ಈ ದೂರದ ನೆಂಟನನ್ನು ಅದೂ ಇದೂ ವಿಚಾರಿಸಿಕೊಂಡು, ಕಾಲುವೆಯ ಕೆಲಸ ನೋಡಲು ಹೋದಳು.