ಶೋಧದ ಅರಮನೆ

ಯೂರೋಪಿನ ಹಳೆಯ ವಿಜ್ಞಾನ ವಸ್ತುಸಂಗ್ರಹಾಲಯಗಳು ಬಹುಮಟ್ಟಿಗೆ ಕಳೆದ ಕಾಲದ ಯಂತ್ರೋಪಕರಣಗಳನ್ನು ಕಾಪಿಡುವ ಭಂಡಾರಗಳಾಗಿದ್ದವು. ನೋಡುಗರೇ ನಡೆಸಬಹುದಾದ ಮಾದರಿಗಳನ್ನಿಟ್ಟು ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಈ ಕಟ್ಟನ್ನು ಸಡಿಲಿಸಿತ್ತಾದರೂ, ಸಂಶೋಧಕರು ತಮ್ಮ ಪ್ರಯೋಗಗಳನ್ನೇ ಜನರೆದುರು ತಂದಿರಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು 1937ರ ಪ್ಯಾರಿಸ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ. ದ್ರವದಲ್ಲಿ ತೇಲುವ ಸೂಕ್ಷ್ಮ ಕಣಗಳ ನಿಲ್ಲದ ಅಲೆದಾಟವನ್ನು, ಅಂದರೆ ಬ್ರೌನಿಯನ್ ಚಲನೆಯನ್ನು, ಅಳೆದು ಅಣುಗಳ ಇರವನ್ನು ದೃಢಪಡಿಸಿ 1926ರ ನೊಬೆಲ್ ಪಡೆದಿದ್ದ ಭೌತವಿಜ್ಞಾನಿ ಜೀನ್ ಪೆರಿನ್, ಗ್ರಾಂ ಪಾಲೆ ಕಟ್ಟಡದ ಒಂದು ಭಾಗದಲ್ಲಿ 'ಪಾಲೆ ದ ಲಾ ದೆಕೂವೆರ್ತ್', ಎಂದರೆ ಶೋಧದ ಅರಮನೆಯನ್ನು ತೆರೆದರು. ಭೌತವಿಜ್ಞಾನಿ ಫ್ರೆಡರಿಕ್ ಜೋಲಿಯೊ-ಕ್ಯೂರಿ, ಗಣಿತಜ್ಞ ಎಮಿಲ್ ಬೊರೆಲ್ ಮೊದಲಾದವರು ಅದರಲ್ಲಿ ಕೈಜೋಡಿಸಿದರು. ಪ್ರಯೋಗಗಳನ್ನು ಜನರ ಕಣ್ಣೆದುರೇ ನಡೆಸಿ ವಿವರಿಸುವುದು ಅಲ್ಲಿನ ಕ್ರಮವಾಗಿದ್ದು, ಪ್ರದರ್ಶನ ಮುಗಿದ ಮೇಲೂ ಸಂಸ್ಥೆ ಉಳಿದುಕೊಂಡಿತು.

ಸಂಶೋಧಕರಿಗೂ ಸಂಗ್ರಹಾಲಯಕ್ಕೂ ನಡುವಿನ ಈ ಸಹಭಾಗಿತ್ವದ ತಿರುಳು ಆ ಅರಮನೆಯ ಪೈ ಕೋಣೆಯ ಕಥೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದಾಗ ದೊರೆಯುವ ಈ ಕೊನೆಯಿಲ್ಲದ ಸಂಖ್ಯೆಯನ್ನು ಇಂಗ್ಲೆಂಡಿನ ವಿಲಿಯಂ ಶಾಂಕ್ಸ್ 19ನೆಯ ಶತಮಾನದಲ್ಲಿ 707 ದಶಮಾಂಶ ಸ್ಥಾನಗಳವರೆಗೆ ಕೈಯಿಂದಲೇ ಲೆಕ್ಕ ಹಾಕಿದ್ದು, ಆ ಅಂಕಿಗಳನ್ನೇ ವರ್ತುಲಾಕಾರದ ಕೋಣೆಯ ಮೇಲ್ಭಾಗದಲ್ಲಿ ಸುತ್ತಲೂ ಮೂಡಿಸಲಾಗಿತ್ತು. 1940ರ ದಶಕದ ನಡುವೆ ಡಿ. ಎಫ್. ಫರ್ಗುಸನ್ ಎಂಬವರು ಲೆಕ್ಕವನ್ನು ಮತ್ತೆ ಮಾಡಿ, 528ನೆಯ ಸ್ಥಾನದಿಂದ ಮುಂದಿನದೆಲ್ಲ ತಪ್ಪೆಂದು ತೋರಿಸಿದಾಗ, ಸಂಸ್ಥೆಯು 1949ರಲ್ಲಿ ಅಂಕಿಗಳನ್ನು ತಿದ್ದಿತು. ಭಂಡಾರದಲ್ಲಿಟ್ಟ ಹಳೆಯ ಯಂತ್ರಕ್ಕೆ ಇಂಥ ತಿದ್ದುಪಡಿಯ ಅಗತ್ಯ ಬೀಳದು. ನಡೆಯುತ್ತಿರುವ ಸಂಶೋಧನೆಯೊಂದಿಗೆ ತನ್ನನ್ನು ಬೆಸೆದುಕೊಂಡ ಸಂಸ್ಥೆ ಮಾತ್ರ ಅದರ ತಪ್ಪುಗಳ ಹೊಣೆಯನ್ನೂ ಹೊರಬೇಕಾಗುತ್ತದೆ, ಮತ್ತು ಈ ಹೊಣೆಯೇ ಅದರ ನಿಜವಾದ ಗೌರವ.

1965ರಲ್ಲಿ ಯೂರೋಪಿನ ಇಂಥ ಸಂಸ್ಥೆಗಳನ್ನು ನೋಡಿಹೋದವರಲ್ಲಿ ಅಮೆರಿಕದ ಭೌತವಿಜ್ಞಾನಿ ಫ್ರಾಂಕ್ ಒಪೆನ್‌ಹೈಮರ್ ಒಬ್ಬರು. ರಾಜಕೀಯ ಕಾರಣಗಳಿಂದ 1949ರಲ್ಲಿ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡು, ಕೊಲರಾಡೊದಲ್ಲಿ ದನ ಸಾಕಿ, ಬಳಿಕ ಹಳ್ಳಿಗಾಡಿನ ಪ್ರೌಢಶಾಲೆಯಲ್ಲಿ ಪಾಠ ಹೇಳಿದ್ದ ಅವರು 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಸ್ಥಾಪಿಸಿದರು. ಅಲ್ಲಿ ಪ್ರಯೋಗವನ್ನು ನೋಡುಗರ ಕೈಗೇ ಒಪ್ಪಿಸಲಾಯಿತು. ಪ್ರದರ್ಶಿಕೆಗಳನ್ನು ತಯಾರಿಸುವ ಕಾರ್ಯಾಗಾರವೂ ಬಂದವರಿಗೆಲ್ಲ ಕಾಣುವಂತಿತ್ತು. ಅವುಗಳ ರಚನಾವಿಧಾನವನ್ನು ಗುಟ್ಟಾಗಿಡದೆ 'ಕುಕ್‌ಬುಕ್' ಹೆಸರಿನ ಕೈಪಿಡಿಗಳಲ್ಲಿ ಅಚ್ಚುಹಾಕಿಸಿದ್ದರಿಂದ, ಬೇರೆ ಸಂಗ್ರಹಾಲಯಗಳೂ ಅವನ್ನು ತಾವೇ ಕಟ್ಟಿಕೊಳ್ಳಲು ಸಾಧ್ಯವಾಯಿತು.